ಟಿವಿಯಲ್ಲಿ ಸತ್ತವರು

ಕೈಯ ಸುತ್ತ ಒಂದು ಕೆಂಪು ವೃತ್ತ, ಆ ಕೈ ನನ್ನದು, ಮಣಿಕಟ್ಟಿನ ನೀಲಿ ಪಟ್ಟಿಯಿಂದ ಗುರುತು ಹತ್ತಿತು, ಆಸ್ಪತ್ರೆಯ ಗೋಡೆಯ ಟಿವಿಯಲ್ಲಿ ಅದೇ ಎಂಟು ಸೆಕೆಂಡು ತಿರುಗಿ ತಿರುಗಿ ಬರುತ್ತಿದೆ, ಕಿರಣಕುಮಾರನ ಪಾದವನ್ನು ನಾನು ಹಿಡಿಯುತ್ತೇನೆ, ಅವನು ಬೀಳುತ್ತಾನೆ, ನಮ್ಮ ತಂಡದ ಆರು ಜನ ಅವನ ಮೇಲೆ ಬೀಳುತ್ತಾರೆ, ಕೆಳಗೆ ಹಳದಿ ಅಕ್ಷರಗಳು ಓಡುತ್ತವೆ, ಕಬಡ್ಡಿ ಅಂಕಣದಲ್ಲಿ ಸಾವಿನ ಹಿಡಿತ, ಇಬ್ಬರು ಬಲಿ — ಇಬ್ಬರು ಅಂದರೆ ಯಾರು, ಒಬ್ಬ ಈ ಗಾಜಿನ ಬಾಗಿಲಿನ ಆಚೆ ಐಸಿಯುನಲ್ಲಿ ಉಸಿರಾಡುತ್ತಿದ್ದಾನೆ, ಇನ್ನೊಬ್ಬರು ನನ್ನ ಪಕ್ಕದ ಬೆಂಚಿನಲ್ಲಿ ಕೂತು ಚಹಾ ಊದಿ ಊದಿ ಕುಡಿಯುತ್ತಿದ್ದಾರೆ. ಗೌಸಸಾಬ, ಮುಂಡರಗಿಯವರು, ಅರವತ್ತು ದಾಟಿದವರು, ಎಲ್ಲಿ ಕಬಡ್ಡಿ ಇದ್ದರೂ ಬಸ್ಸು ಹತ್ತಿ ಬರುವವರು, ಕಿರಣ ಬಿದ್ದ ಗಾಬರಿಗೂ ಬಿಸಿಲಿಗೂ ಪ್ರೇಕ್ಷಕರ ನಡುವೆ ಕಣ್ಣು ಕತ್ತಲೆ ಬಂದು ಉರುಳಿದರು, ಅದೇ ಆಂಬುಲೆನ್ಸ್‌ನಲ್ಲಿ ಬಂದರು, ಒಂದು ಬಾಟಲಿ ಸಲೈನ್ ಇಳಿದ ಮೇಲೆ ಎದ್ದು ಕೂತರು. ಟಿವಿಯಲ್ಲಿ ತಮ್ಮ ಫೋಟೋ ನೋಡಿದರು, ಹಳೆಯ ಆಧಾರ್ ಕಾರ್ಡಿನದು, ಎಲ್ಲಿ ಸಿಕ್ಕಿತೋ ಟಿವಿಯವರಿಗೆ. ಸತ್ತ ಮ್ಯಾಲೆ ಇಷ್ಟ ಕಪ್ಪ ಆಗ್ತಾರೇನಪ್ಪಾ ಮನುಷ್ಯಾರು, ಅಂದರು. ನನಗೆ ನಗು ಬಂತು, ನಗು ಬಂದದ್ದಕ್ಕೆ ಗಾಜಿನ ಬಾಗಿಲಿಗೆ ಬೆನ್ನು ತಿರುಗಿಸಿದೆ.

ಲಕ್ಷ್ಮೇಶ್ವರದ ಮೈದಾನದಲ್ಲಿ ಹನ್ನೊಂದು ಗಂಟೆಗೇ ನೆಲ ಕಾದಿತ್ತು, ನಾನು ಮುಂಡರಗಿ ತಂಡದವರು ದುಡ್ಡು ಕೊಟ್ಟು ಕರೆಸಿಕೊಂಡ ಆಟಗಾರ, ಕಿರಣ ನಮ್ಮೂರು ಬೆಟಗೇರಿಯ ತಂಡ, ಒಂದೇ ಓಣಿಯವರು ಎದುರುಬದುರು, ಬಂದಾನ ನೋಡ್ರಿ ಬಾಡಿಗಿ ಪೈಲ್ವಾನ ಅಂತ ಅವನೇ ಗೆರೆಯ ಆಚೆಯಿಂದ ಚುಡಾಯಿಸಿದ, ಕಬಡ್ಡಿ ಕಬಡ್ಡಿ ಎನ್ನುತ್ತ ಒಳಗೆ ಬಂದ, ಪಾದ ಸಿಕ್ಕಿತು, ಹಿಡಿದೆ, ಬೋರಲು ಬಿದ್ದ, ನಡುಗೆರೆ ಒಂದು ಗೇಣು ದೂರ, ಅವನ ಕೈ ಅದರತ್ತ ಚಾಚಿತು, ಗೆರೆ ಮುಟ್ಟಲು ಚಾಚಿದ ಎಂದುಕೊಂಡೆವು, ಬಿಡಬ್ಯಾಡ್ರಲೇ ಅಂತ ಯಾರೋ ಕೂಗಿದರು, ಸೀಟಿ ಕೇಳುವ ತನಕ ಬಿಡಬಾರದು, ಮೊದಲ ದಿನ ಮೊದಲು ಕಲಿಯುವುದೇ ಅದು, ಅವನ ಬಾಯಿಂದ ಕಬಡ್ಡಿ ನಿಂತಿತ್ತು, ಅದು ನನಗೆ ಕೇಳಿಸಿತ್ತು, ಅಷ್ಟು ಗದ್ದಲದಲ್ಲಿ ಆ ಒಂದು ಸದ್ದು ಇಲ್ಲದ್ದು ನನಗೆ ಕೇಳಿಸಿತ್ತು, ಆದರೂ ಹಿಡಿದೇ ಇದ್ದೆ, ಪಾದ ಕೈಯೊಳಗೆ ಮೆತ್ತಗಾಯಿತು, ಸೋತ ಎಂದುಕೊಂಡೆ. ಕಿರಣ ಗೆರೆ ಮುಟ್ಟಲು ಕೈ ಚಾಚಿರಲಿಲ್ಲ, ನಮ್ಮನ್ನು ತನ್ನ ಮೇಲಿಂದ ಎಬ್ಬಿಸಲು ಚಾಚಿದ್ದ. ಲಕ್ಷ್ಮೇಶ್ವರದ ದವಾಖಾನೆಯಲ್ಲಿ ಎದೆಗೆ ಕರೆಂಟು ಕೊಟ್ಟರು, ಶಿರಹಟ್ಟಿ ದಾಟುವಾಗ ಆಂಬುಲೆನ್ಸ್‌ನವ, ನಾಡಿ ಬರೋಬ್ಬರಿ ಐತಿ ಅಂದ, ಗದಗಿಗೆ ಬಂದ ಮೇಲೆ ಇಲ್ಲಿಯ ಡಾಕ್ಟರು ನನ್ನನ್ನು ಬದಿಗೆ ಕರೆದು ಹೇಳಿದರು, ನಿಮ್ಮ ಹಿಡಿತದಿಂದ ಆದದ್ದಲ್ಲ, ಅವರ ಹೃದಯದ ಬಡಿತವೇ ತಾಳ ತಪ್ಪಿತ್ತು, ನಡೆಯುತ್ತಿದ್ದರೂ ಬೀಳುತ್ತಿದ್ದರು. ಕ್ಯಾಮೆರಾ ಹಿಡಿದವರು ಡಾಕ್ಟರನ್ನು ಕೇಳಲಿಲ್ಲ, ನನ್ನ ಬಾಯಿಗೆ ಮೈಕು ಹಿಡಿದು ಈಗ ನಿಮಗೆ ಏನನಿಸುತ್ತಿದೆ ಅಂದರು, ನಾನು ಸುಮ್ಮನೆ ನಿಂತೆ, ಮೊದಲಿನಿಂದಲೂ ನಾನು ಹಾಗೆಯೇ, ನಾಗಾವಿಯ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮೌಖಿಕ ಪರೀಕ್ಷೆಯಲ್ಲೂ ಉತ್ತರ ಗೊತ್ತಿದ್ದು ಸುಮ್ಮನೆ ಕೂತವನು, ಈಗ ಆ ಮೌನವನ್ನೂ ತೋರಿಸುತ್ತಿದ್ದಾರೆ, ಕೆಳಗೆ ಬರೆದಿದ್ದಾರೆ, ಬಾಯಿ ಬಿಡದ ಆಟಗಾರ.

ಕಿರಣನ ಹೆಂಡತಿ ವಿದ್ಯಾಶ್ರೀ ಫೋನ್ ಎತ್ತುತ್ತಿಲ್ಲ, ನಾಲ್ಕು ಸಲ, ಐದು ಸಲ, ಅಷ್ಟರಲ್ಲಿ ನನ್ನದೇ ಫೋನಿಗೆ ಅವನ ಮದುವೆಯ ಫೋಟೋ ಬಂತು, ಅವಳ ಪಾಲು ಕತ್ತರಿಸಿ ತೆಗೆದದ್ದು, ಸುತ್ತ ಹೂವು, ಭಾವಪೂರ್ಣ ಶ್ರದ್ಧಾಂಜಲಿ, ಕಳಿಸಿದವರು ಓಣಿಯ ಗೆಳೆಯರು, ಬದುಕ್ಯಾನ ಅಂತ ಬರೆದೆ, ಕೈ ಮುಗಿದ ಚಿತ್ರಗಳು ಒಂದರ ಮೇಲೊಂದು ಬಂದು ನನ್ನ ಮಾತು ಮೇಲಕ್ಕೆ ಸರಿದು ಹೋಯಿತು. ಸಾವು ಅಂದರೆ ಆ ಮನೆಯಲ್ಲಿ ಏನು ಮಾಡುತ್ತಾರೆ ನನಗೆ ಗೊತ್ತು, ಹಿರಿಯ ಹೆಂಗಸರು ಬರುತ್ತಾರೆ, ಅವಳ ಕುಂಕುಮ, ಅವಳ ಬಳೆ — ಜಲ್ದಿ, ಯಾರಾದರೂ ಎತ್ತಿ, ಆರನೆಯ ಸಲ ಎತ್ತಿದವಳು ಕಿರಣನ ತಾಯಿ ಅನ್ನವ್ವ. ಯಮ್ಮಾ, ಕಿರಣ ಅದಾನ, ಖರೇನ ಅದಾನ, ಟಿವಿ ಬಂದ್ ಮಾಡ್ರಿ ಅಂದೆ. ಆಚೆ ಅಳುವ ಸದ್ದು, ಅದರ ನಡುವೆ ಅನ್ನವ್ವನ ದನಿ ಒಣಗಿತ್ತು, ನಿನ್ನ ಕೈ ನೋಡೀನಿ ನಾ ಟಿವ್ಯಾಗ, ನಮ್ಮ ಮನ್ಯಾಗ ರೊಟ್ಟಿ ಮುರದ ಕೈ ಅದು, ಈಗ ಸಮಾಧಾನ ಹೇಳಾಕ ಬರಬ್ಯಾಡ. ಫೋನನ್ನು ಕಿವಿಯಿಂದ ಕೆಳಗಿಳಿಸಿದೆ. ಆಗ ಗೌಸಸಾಬರು ಚಹಾದ ಕಪ್ಪು ಕೆಳಗಿಟ್ಟು ನನ್ನ ಕೈಯಿಂದ ಫೋನ್ ತೆಗೆದುಕೊಂಡು ಸ್ಪೀಕರ್ ಒತ್ತಿದರು. ಯಕ್ಕಾ, ನಾ ಮುಂಡರಗಿ ಗೌಸಸಾಬ, ಟಿವ್ಯಾಗ ಎರಡನೇ ಹೆಣ ಐತಲ್ಲ, ಅದು ನಾನ. ಇಲ್ಲಿ ಚಾ ಕುಡಿಯಾಕ ಹತ್ತೀನಿ. ನಿಮ್ಮ ಮಗನೂ ನನ್ನಂಗ ಸತ್ತಾನ, ಬಂದು ನೋಡ್ರಿ. ಅಳು ನಿಂತಿತು, ಒಮ್ಮೆಲೇ, ಕತ್ತರಿಸಿದ ಹಾಗೆ, ಆಮೇಲೆ ಅನ್ನವ್ವ ತನಗೆ ತಾನೇ ಎಂಬಂತೆ ಅಂದಳು, ಸೊಸಿ ಬಲಗೈ ಮನ್ಯಾಗಿನ ಮಗ್ಗಕ್ಕ ಬಡಕೊಂಡ್ಳಲ್ಲೋ ಯಪ್ಪಾ, ಬಳಿ ಎಲ್ಲಾ ಚೂರಾದ್ವು, ಎಡಗೈ ನಾ ಗಟ್ಟಿ ಹಿಡಕೊಂಡೆ, ಅದಕ್ಕ ಅವಷ್ಟು ಉಳದಾವ.

ಟಿವಿಯಲ್ಲಿ ಈಗ ಕಿರಣಕುಮಾರ ಸ್ಥಿತಿ ಗಂಭೀರ ಎಂದಿದೆ, ತಪ್ಪಾಯಿತು ಎಂದಿಲ್ಲ, ಸತ್ತವನು ಹೇಗೆ ಗಂಭೀರನಾದ ಎಂದು ಯಾರೂ ಕೇಳುವುದಿಲ್ಲ, ಗೌಸಸಾಬರ ಸುದ್ದಿ ಮಾತ್ರ ಮಾಯವಾಗಿದೆ, ಅವರು ಸತ್ತೂ ಇಲ್ಲ, ಬದುಕಿಯೂ ಇಲ್ಲ, ಖಾಲಿ ಕಪ್ಪಿನ ತಳ ನೋಡುತ್ತ ಕೂತಿದ್ದಾರೆ. ಆಟೋದಿಂದ ಇಳಿದು ಬಂದರು ಅತ್ತೆ ಸೊಸೆ ಇಬ್ಬರೂ, ಅನ್ನವ್ವ ನನ್ನನ್ನು ನೋಡಿದಳು, ನೋಡದವಳಂತೆ ದಾಟಿದಳು, ವಿದ್ಯಾಶ್ರೀಯ ಬಲಗೈಯಲ್ಲಿ ಅರಿಶಿನ ಹಚ್ಚಿದ ಗೀರುಗಳು, ಎಡಗೈಯಲ್ಲಿ ಹಸಿರು ಬಳೆ, ಹನ್ನೆರಡು ಇರಬಹುದು, ಎಣಿಸಬಾರದು, ಯಾಕೆ ಎಣಿಸುತ್ತಿದ್ದೇನೆ, ನಡೆದಾಗ ಒಂದು ಕೈಯಷ್ಟೇ ಸದ್ದು ಮಾಡುತ್ತದೆ, ಇನ್ನೊಂದನ್ನು ಅವಳು ಸೆರಗಿನೊಳಗೆ ಸುತ್ತಿಕೊಂಡಿದ್ದಾಳೆ. ಗಾಜಿನ ಬಾಗಿಲು ತೆರೆಯಿತು, ನರ್ಸ್ ಮಹೆಕ, ಇಲ್ಲಿಗೆ ಬಂದಾಗಿನಿಂದ ನನಗೆ ಎರಡು ಸಲ ನೀರು ಕೊಟ್ಟವಳು, ಈಗ ಮೊದಲ ಸಲ ನಗುತ್ತಿದ್ದಳು, ಕಣ್ಣ ತೆರದಾರ, ಕಿರಣಕುಮಾರ ಅವ್ರ ಮನಿಯವ್ರ ಯಾರ್ರಿ, ಒಬ್ಬರ ಬರ್ರಿ. ಅನ್ನವ್ವ ಗೋಡೆ ಹಿಡಿದಳು, ವಿದ್ಯಾಶ್ರೀ ಹೆಜ್ಜೆ ಎತ್ತಿದಳು, ಮಹೆಕ ಬಾಗಿಲ ಮೇಲಿನ ಬರಹಕ್ಕೆ ಬೆರಳು ತೋರಿಸಿದಳು, ದಿನಕ್ಕೆ ನೂರು ಸಲ ಹೇಳುವ ಮಾತಿನಂತೆ, ಚಪ್ಪಲಿ ಇಲ್ಲೇ ಬಿಡ್ರಿ, ಬಳಿ ತಗದು ಕೈ ತೊಳಕೊಂಡು ಒಳಗ ಬರ್ರಿ. ಬಳಿ ತಗದು. ಒಳಗೆ ಅವನು ಕಣ್ಣು ತೆರೆದಿದ್ದಾನೆ, ಇಲ್ಲಿ ಸೆರಗಿನಿಂದ ಬಲಗೈ ಹೊರಗೆ ಬಂತು, ಅನ್ನವ್ವನ ಕೈ ಅದನ್ನು ತಡೆಯಲು ಮುಂದೆ ಬಂದು ಗಾಳಿಯಲ್ಲಿ ನಿಂತಿತು, ವಿದ್ಯಾಶ್ರೀಯ ಬರಿಗೈಯ ಎರಡು ಬೆರಳು ಎಡಗೈಯ ಮೊದಲ ಬಳೆಯನ್ನು ಹಿಡಿದವು, ಗೆಣ್ಣಿನವರೆಗೆ ತಂದವು, ಬಳೆ ಹೆಬ್ಬೆರಳಿನ ಬುಡದಲ್ಲಿ ನಿಂತಿದೆ, ಹಸಿರು, ಕೆಳಗಿಳಿಯುತ್ತಿಲ್ಲ, ಹಿಂದಕ್ಕೂ ಹೋಗುತ್ತಿಲ್ಲ, ಬೆರಳು ಅದನ್ನು ಹಿಡಿದಿವೆ, ಹಿಡಿದೇ ಇವೆ