ತಂಗಿ ಕಳಿಸಿದ ಲಿಂಕು

ಮಾನ್ವಿಯ ಮೌನೇಶ್ವರಿ ಹೊಲಿಗೆ ನಿಲ್ಲಿಸಿ ಮೊಬೈಲ್ ಹಿಡಿದು ಕೂತಿದ್ದಳು. ಯಾವ ಸೋಪು ಚೆನ್ನ, ಯಾವ ಚಹಾಪುಡಿ ರುಚಿ ಎಂದು ಅದರಲ್ಲಿ ಯಾರೋ ಸಮೀಕ್ಷೆಗೆ ಕೇಳುತ್ತಿದ್ದರು. ಮದುವೆಯಾಗಿ ಬಂದಾಗಿನಿಂದ ಅವಳ ಅಭಿಪ್ರಾಯವನ್ನು ಯಾರೂ ಇಷ್ಟು ಮರ್ಯಾದೆಯಿಂದ ಕೇಳಿರಲಿಲ್ಲ. ಉತ್ತರ ಒತ್ತಿದಂತೆಲ್ಲ ಪರದೆಯ ಮೇಲೆ ಗಳಿಕೆ ಏರುತ್ತಿತ್ತು. ನಾಲ್ಕು ಸಾವಿರ ದಾಟಿತ್ತು.

"ಮುಂಜಾನಿಂದ ಇಕಿ ಮೊಬೈಲಿಗೆ ಸೋಪಿನ ಸುದ್ದಿ ಹೇಳಾಕತ್ಯಾಳ. ಮನ್ಯಾಗ ಒಗಿಯೋ ಅರಿಬಿ ಹಂಗ ಬಿದ್ದಾವ," ಎಂದು ಅತ್ತೆ ಗೋಪಮ್ಮ ಚುಚ್ಚಿದಳು.

ಅಷ್ಟರಲ್ಲಿ ಪಕ್ಕದ ಮನೆಯ ನೇತ್ರಾವತಿ ನಂಟರ ಮದುವೆಗೆಂದು ಕುಪ್ಪಸ ಹೊಲಿಸಲು ಬಂದಳು. ಮಹಿಳಾ ಸಂಘದ ಬ್ಯಾಂಕ್ ಕೆಲಸವೆಲ್ಲ ಅವಳದೇ. ಮೌನೇಶ್ವರಿ ಅವಳಿಗೆ ಮೊಬೈಲ್ ತೋರಿಸಿದಳು.

"ಯಕ್ಕಾ, ಸಾವಿರ ರೂಪಾಯಿ ಶುಲ್ಕ ಕಟ್ಟಿದ್ರ ಇಷ್ಟೂ ರೊಕ್ಕ ಖಾತೆಗೆ ಬರ್ತದಂತ. ಲಗೂನ ಕಟ್ಟಬೇಕಂತ. ಮಗಳ ಕನ್ನಡಕಕ್ಕ ಇಟ್ಟಿದ್ದು ಅದ. ಕಟ್ಟಿಬಿಡ್ಲೇನು?"

"ತಡಿ ಬೇ! ದುಡಿದಾಕಿ ನೀನು. ಭತ್ತ ನಾಟಿ ಮಾಡಿ ಹೊಲದ ಗೌಡಗ ನೀನ ಕೂಲಿ ಕೊಟ್ಟು ಬರ್ತೀಯೇನು?"

"ಮೋಸ ಅಲ್ಲಕ್ಕಾ. ದೇವದುರ್ಗದಿಂದ ನನ್ನ ತಂಗಿ ಸೌಭಾಗ್ಯ ಕಳಿಸ್ಯಾಳ. ಒಡಹುಟ್ಟಿದಾಕಿ ಮೋಸ ಮಾಡ್ತಾಳೇನು?"

"ಮಾಡಂಗಿಲ್ಲ. ಆದ್ರ ಆಕಿಗೆ ರೊಕ್ಕ ಬಂದದೇನು? ಫೋನ್ ಹಚ್ಚಿ ಕೇಳು."

ಮೌನೇಶ್ವರಿ ಸ್ಪೀಕರ್ ಹಾಕಿ ಫೋನ್ ಹಚ್ಚಿದಳು. ಆ ಕಡೆ ಸೌಭಾಗ್ಯ ಅಳುತ್ತಲೇ ಹೇಳಿದಳು.

"ಬಂದಿಲ್ಲ, ಯಕ್ಕಾ. ಮೊದಲು ಶುಲ್ಕ ಅಂದ್ರು, ಇವತ್ತು ತೆರಿಗಿ ಅಂತ ಮತ್ತ ಕಟ್ಟಿಸ್ಕೊಂಡ್ರು. ಈಗ ಇನ್ನೂ ಮೂರು ಮಂದಿನ ಸೇರ್ಸು ಅಂತಾರ. ಮನ್ಯಾಗ ಹೇಳಾಕ ಬಾಯಿ ಬರವಲ್ದು."

ಮೌನೇಶ್ವರಿಗೆ ಸಿಟ್ಟು ಬರಲಿಲ್ಲ. ಆ ಹುಡುಗಿ ಒಬ್ಬಳೇ ಎಷ್ಟು ಹೆದರಿದ್ದಳೋ ಎಂದು ಮರುಕವಾಯಿತು.

ನೇತ್ರಾವತಿ ಫೋನ್ ತೆಗೆದುಕೊಂಡಳು. "ಅಳಬ್ಯಾಡವ್ವಾ. ತಪ್ಪು ಮೋಸ ಮಾಡಿದೋರ್ದು. ಈಗಿಂದೀಗ ಸೈಬರ್ ಮೋಸದ ದೂರಿನ ನಂಬರ್ 1930ಕ್ಕೆ ಫೋನ್ ಮಾಡು, ಬ್ಯಾಂಕಿಗೂ ತಿಳಿಸು. ಅವರ ಮೆಸೇಜ್ ಅಳಿಸಬ್ಯಾಡ. ಓಟಿಪಿ, ಪಿನ್ ಯಾರಿಗೂ ಹೇಳಬ್ಯಾಡ. ರೊಕ್ಕ ತಗೊಳ್ಳಾಕ ಪಿನ್ ಬೇಕಾಗಂಗಿಲ್ಲ."

ಗೋಪಮ್ಮ ಎದ್ದು ಸೊಸೆಯ ಚೀಲ ತಂದು ಕೊಟ್ಟಳು. "ದೇವದುರ್ಗದ ಬಸ್ ಹಿಡಿ. ಇಂಥಾ ಹೊತ್ತಿನ್ಯಾಗ ತಂಗಿ ಹತ್ರ ಇರು. ಅಡಿಗಿ ನಾ ನೋಡ್ಕೋತೀನಿ."

ಸೌಭಾಗ್ಯ ಮೊದಲು ಕಟ್ಟಿದ್ದು ಹೋಯಿತು. ಆದರೆ ತಡಮಾಡದೆ ದೂರು ಕೊಟ್ಟಿದ್ದರಿಂದ ಎರಡನೆಯದು ಮೋಸಗಾರರ ಕೈ ಸೇರುವ ಮೊದಲೇ ಬ್ಯಾಂಕಿನಲ್ಲಿ ತಡೆಯಾಯಿತು. ಊರಿಗೆ ಮರಳಿದ ಮೌನೇಶ್ವರಿ ನೇರವಾಗಿ ಹೋದದ್ದು ನೇತ್ರಾವತಿಯ ಮನೆಗೆ.

"ಯಕ್ಕಾ, ನೀ ಬೈಲಿಲ್ಲ, ನಗಲಿಲ್ಲ. ಅದಕ್ಕ ನನ್ನ ತಂಗಿಗೆ ದೂರು ಕೊಡಾಕ ಧೈರ್ಯ ಬಂತು. ನಿನ್ನ ಉಪಕಾರ ಹೆಂಗ ತೀರಿಸ್ಲಿ?"

"ಮೊದಲು ಕುಪ್ಪಸ ಹೊಲಿ ಬೇ, ಮದುವಿ ಮುಗದು ಹೋಗ್ತದ!"

ಮೌನೇಶ್ವರಿ ನಕ್ಕಳು. ನಗುತ್ತಲೇ ಕಣ್ಣು ತುಂಬಿಕೊಂಡಳು.

ಅಕ್ಕತಂಗಿಯರೇ, ಸಮೀಕ್ಷೆಗೆ ಉತ್ತರ ಕೊಟ್ಟು ಗಳಿಸುವುದು ತಪ್ಪಲ್ಲ. ಆದರೆ ದುಡಿದವರಿಂದಲೇ ಹಣ ಕೇಳಿದರೆ ಅದು ಮೋಸ, ಅಲ್ಲೇ ನಿಲ್ಲಿಸಿ. ಲಿಂಕ್ ಕಳಿಸಿದವರು ನಿಮ್ಮವರೇ ಆದರೂ, ನಿಜವಾಗಿ ದುಡ್ಡು ಬಂದಿದೆಯೇ ಎಂದು ಫೋನ್ ಮಾಡಿ ಕೇಳಿ. ಈಗಾಗಲೇ ಕಳೆದುಕೊಂಡಿದ್ದರೆ ನಾಚಿಕೊಂಡು ಕೂರಬೇಡಿ, 1930ಕ್ಕೆ ಕರೆ ಮಾಡಿ. ಮೋಸಹೋದವಳು ನಿಮ್ಮೆದುರು ಬಂದು ನಿಂತರೆ ಬೈಯಬೇಡಿ, ಅವಳ ಪಕ್ಕದಲ್ಲಿ ಕೂತುಕೊಳ್ಳಿ.