ಎರಡು ಬಣ್ಣದ ಸಾಲು

ಅಕ್ಕನ ಕಣ್ಣು ಹೋಗುತ್ತಿದೆ ಎಂದು ನನಗೆ ತಿಳಿದದ್ದು ಅವಳ ಕಾಲುಚೀಲದಿಂದ. ಒಂದು ಕಂದು, ಇನ್ನೊಂದು ಹಸಿರು ಹಾಕಿಕೊಂಡು ಕೆಲಸಕ್ಕೆ ಹೊರಟಿದ್ದಳು. ನಾನು ನಕ್ಕೆ. ಅವಳು ನಗಲಿಲ್ಲ. ಬಾಗಿಲು ಮುಚ್ಚಿ ಬಂದು ಕುಳಿತಳು.

"ಡಾಕ್ಟರ ಹತ್ರ ಹೋಗಿ ಬಂದು ಎರಡು ತಿಂಗಳಾಯ್ತು. ನರ ಒಣಗ್ತಿದೆಯಂತೆ. ಮೊದಲು ಬಣ್ಣ ಹೋಗತ್ತೆ, ಆಮೇಲೆ ಉಳಿದದ್ದು."

ಬಣ್ಣವೇ ಅವಳ ಅನ್ನ. ಒಂದು ಛಾಪಖಾನೆಯ ಮೇಲಿನ ಮಹಡಿಯಲ್ಲಿ ಕೈಹೆಣಿಗೆಯ ಸ್ವೆಟರ್ ಮಾಡುತ್ತಿದ್ದರು. ಉದ್ದನೆಯ ಮೇಜು, ಏಳು ಕುರ್ಚಿ. ಕಿಟಕಿ ಪಕ್ಕದ ಕುರ್ಚಿ ಇಪ್ಪತ್ತೆರಡು ವರ್ಷಗಳಿಂದ ಅಕ್ಕನದು. ಹೂವು, ಹಕ್ಕಿ ಬರುವ ಬಣ್ಣದ ಹೆಣಿಗೆಯೆಲ್ಲ ಅವಳ ಕೈಗೇ ಹೋಗುತ್ತಿತ್ತು. ಪಕ್ಕದಲ್ಲಿ ಕೂರುವವಳನ್ನು ಎಲ್ಲರೂ ಗಿಣಿ ಎಂದು ಕರೆಯುತ್ತಿದ್ದರು. ಅವಳ ಬಾಯಿಗೆ ಬೀಗ ಎಂಬುದಿರಲಿಲ್ಲ. ಅಕ್ಕನಿಗೆ ಗೆಳತಿ ಎಂದು ಇದ್ದವಳು ಅವಳೊಬ್ಬಳೇ.

"ನೀನು ಕಲಿ," ಎಂದಳು ಅಕ್ಕ. "ಬೆನ್ನುನೋವು ಅಂತ ಹೇಳಿ ಕೆಲಸ ಮನೆಗೆ ತರ್ತೀನಿ. ಬಣ್ಣ ಬರೋ ಭಾಗ ನೀನು ಹೆಣಿ. ಅಲ್ಲಿ ಮೇಜಿಗೆ ಕೂತು ನಾನು ಒಂದೇ ಬಣ್ಣದ ತೋಳು, ಪಟ್ಟಿ ಮಾಡ್ತೀನಿ. ಅದಕ್ಕೆ ಬೆರಳು ಸಾಕು."

ದುಡಿಯುತ್ತಿದ್ದ ಲಾಂಡ್ರಿ ಮುಚ್ಚಿದ ಮೇಲೆ ನಾನು ಕೆಲಸವಿಲ್ಲದೆ ಅವಳ ಜೊತೆಗೇ ಇದ್ದೆ. ಹತ್ತು ವರ್ಷ ಇಸ್ತ್ರಿ ಹಿಡಿದು ನನ್ನ ಬೆರಳು ಎಷ್ಟು ಒರಟಾಗಿದ್ದವೆಂದರೆ ಉಣ್ಣೆ ತಾನಾಗಿಯೇ ಬಂದು ಕಚ್ಚಿಕೊಳ್ಳುತ್ತಿತ್ತು. ಆದರೂ ಕುಳಿತೆ. ಎಡಗೈಗೆ ಕೆಂಪು ಎಳೆ, ಬಲಗೈಗೆ ಬಿಳಿ. ಮುಂದೆ ಗೋಡೆಗೆ ಒರಗಿಸಿಟ್ಟ, ನಮೂನೆ ಬರೆದ ಚೌಕುಳಿ ಹಾಳೆ. ಒಂದು ಚೌಕಕ್ಕೆ ಒಂದು ಕುಣಿಕೆ.

"ಬಿಳೀಲಿ ಮೂರು ಹಾಕುವಾಗ ಕೆಂಪು ಹಿಂದೆ ಸುಮ್ಮನೆ ಕಾಯ್ತಿರತ್ತೆ," ಎಂದು ಅಕ್ಕ ಹೇಳಿಕೊಡುತ್ತಿದ್ದಳು. "ಅದನ್ನ ಎಳೀಬೇಡ. ಎಳೆದ್ಯೋ, ಮುಂದೆ ಸುಕ್ಕು. ತೀರಾ ಸಡಿಲ ಬಿಟ್ಯೋ, ಹಾಕ್ಕೊಳ್ಳೋರ ಬೆರಳು ಸಿಕ್ಕೊಳ್ಳತ್ತೆ. ಐದು ಕುಣಿಕೆ ದಾಟಿದ್ರೆ ನಡುವೆ ಒಂದ್ಸಲ ಅದನ್ನ ಬಿಳಿ ಎಳೇಲಿ ಸಿಕ್ಕಿಸಿ ಬಿಡು."

ನನ್ನ ಮೊದಲ ಪಟ್ಟಿ ಮಣಿಕಟ್ಟಿಗೂ ಏರಲಿಲ್ಲ. ಅಕ್ಕ ಅದನ್ನು ತಡವಿ, "ಇದನ್ನ ಸೌಟಿನ ಹಿಡಿಗೆ ಹಾಕು, ಪಾಪ, ಚಳಿಯಾಗ್ತಿರಬೇಕು," ಎಂದಳು. ಆಮೇಲೆ ಪೂರ್ತಿ ಬಿಚ್ಚಿಸಿದಳು. ನಾಲ್ಕು ಸಲ ಬಿಚ್ಚಿಸಿದಳು. ಮುಂಬದಿಯನ್ನು ಅವಳು ಕೇಳುತ್ತಲೇ ಇರಲಿಲ್ಲ. ಹೆಣಿಗೆಯನ್ನು ತಿರುಗಿಸಿ, ಹಿಂದೆ ಹಾಯುವ ಎಳೆಗಳ ಮೇಲೆ ಹೆಬ್ಬೆರಳು ಓಡಿಸುತ್ತಿದ್ದಳು. "ಏಳನೇ ಸಾಲಲ್ಲಿ ನಿಂಗೆ ಸಿಟ್ಟು ಬಂದಿತ್ತು," ಎನ್ನುವಳು. ಬಂದಿರುತ್ತಿತ್ತು.

ಐದು ತಿಂಗಳಿಗೆ ಕೈ ಕುದುರಿತು. ಮುಂದೆ ಒಂದು ವರ್ಷ ನಾನು ಹೆಣೆದದ್ದು ಅಕ್ಕನ ಹೆಸರಲ್ಲಿ ಹೋಯಿತು. ಬೆಳಿಗ್ಗೆ ಚೀಲ ಹಿಡಿದು ಅವಳನ್ನು ಮೆಟ್ಟಿಲು ಹತ್ತಿಸುವುದು, ಸಂಜೆ ಇಳಿಸುವುದು. ಬೆನ್ನುನೋವಿನ ಕತೆಯನ್ನು ಎಲ್ಲರೂ ನಂಬಿದ್ದರು.

ಆ ಚಳಿಗಾಲ ನಾನು ಬೂದು, ನೀಲಿ, ಬಿಳಿ ಮೂರು ಬಣ್ಣದಲ್ಲಿ ಹಾರುವ ಹಕ್ಕಿಗಳ ಸಾಲಿದ್ದ ಒಂದು ಸ್ವೆಟರ್ ಮುಗಿಸಿದೆ. ಹೆಣಿಗೆ ಮಹಡಿಯ ಒಡತಿ ಅದನ್ನು ಮೇಜಿನ ಮೇಲೆ ಹರಡಿ, ತಿರುಗಿಸಿ, ಮತ್ತೆ ಹರಡಿದಳು. "ಇಷ್ಟು ವರ್ಷದಲ್ಲಿ ಇಂಥದ್ದು ನೀನೂ ಮಾಡಿರ್ಲಿಲ್ಲ," ಎಂದು ಅಕ್ಕನ ಭುಜ ತಟ್ಟಿದಳು. ಬಾಗಿಲ ಬಳಿ ನಿಂತಿದ್ದ ನನ್ನತ್ತ ತಿರುಗಿ, "ಬರೀ ಚೀಲ ಹೊರೋದೇ ಆಯ್ತಲ್ಲ, ಅಕ್ಕನ ಹತ್ರ ಏನಾದ್ರೂ ಕಲೀಬಾರ್ದಾ?" ಎಂದಳು.

ಅಕ್ಕ ನಕ್ಕಳು. "ಅವಳಾ? ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ!"

ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು. ಗುಟ್ಟು ಉಳಿಸಲು ಹಾಗೆಂದಳು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸಹಿಸಲಾಗಲಿಲ್ಲ. ಅಂದು ಮಧ್ಯಾಹ್ನ, ಎಲ್ಲರೂ ಊಟಕ್ಕೆ ಕೂತಿದ್ದಾಗ, ಉಳಿದ ಉಣ್ಣೆ ಕೊಡುವ ನೆಪದಲ್ಲಿ ಒಡತಿಯ ಕೋಣೆಗೆ ಹೋದೆ. "ಆ ಹಕ್ಕಿಗಳನ್ನ ಹೆಣೆದದ್ದು ನಾನು," ಎಂದೆ. ಅಷ್ಟು ಹೇಳಿ ನಿಲ್ಲಿಸಬಹುದಿತ್ತು. ಏಕೆ ಎಂದು ಅವಳು ಕೇಳಿದಳು, ಅದನ್ನೂ ಹೇಳಿದೆ. ಮುತ್ತು ಒಡೆದರೆ ಹೋಯ್ತು, ಮಾತು ಆಡಿದರೆ ಹೋಯ್ತು.

ಮರುದಿನ ಒಡತಿ ಎರಡು ಉಣ್ಣೆಯ ಉಂಡೆ ತಂದು ಅಕ್ಕನ ಮುಂದಿಟ್ಟಳು. "ಇದರಲ್ಲಿ ಹಸಿರು ಯಾವ್ದು, ಕೊಡು."

ಅಕ್ಕ ಎರಡನ್ನೂ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಓರೆಗಣ್ಣಿನಿಂದ ನೋಡಿದಳು. ಒಂದನ್ನು ಮೂಸಿದಳು. ಕೊನೆಗೆ ಎಡಗೈಯದನ್ನು ಮುಂದೆ ಚಾಚಿದಳು. ಎರಡೂ ಕೆಂಪು ಉಂಡೆಗಳು. ಗಿಣಿ ಕುರ್ಚಿ ತಳ್ಳಿ ಎದ್ದು, "ಇದೇನಮ್ಮ ಆಟ, ನಿಮಗೆ ಕರುಳಿಲ್ವಾ?" ಎಂದಳು. ನಾನು ಬಾಗಿಲ ಬಳಿ ಚೀಲ ಹಿಡಿದು ನಿಂತೇ ಇದ್ದೆ.

ಸೋಮವಾರದಿಂದ ಆ ಕುರ್ಚಿ ನನ್ನದು ಎಂದು ತೀರ್ಮಾನವಾಯಿತು. ಅಕ್ಕನನ್ನು ಇಳಿಸಿಕೊಂಡು ಬರುವಾಗ ಅವಳು ಅರ್ಧ ಮೆಟ್ಟಿಲಲ್ಲಿ ನಿಂತು ಕೇಳಿದಳು: "ಯಾರು ಹೇಳಿದ್ದು?"

ನಾಲಿಗೆ ತಡವರಿಸಲೇ ಇಲ್ಲ. "ಇನ್ಯಾರು, ಪಕ್ಕದಲ್ಲೇ ಕೂರ್ತಾಳಲ್ಲ. ಅವಳ ಬಾಯಿ ನಿಲ್ಲತ್ತಾ?"

ಅಕ್ಕ ಉಳಿದ ಮೆಟ್ಟಿಲುಗಳನ್ನು ನನ್ನ ಕೈ ಹಿಡಿಯದೆ ಇಳಿದಳು.

ಆ ಭಾನುವಾರ ಗಿಣಿ ಮನೆಗೆ ಬಂದಾಗ ಅಕ್ಕ ನನಗೆ ಬಾಗಿಲು ತೆಗೆಯಲು ಬಿಡಲಿಲ್ಲ. ಎರಡನೇ ಸಲವೂ ಬಿಡಲಿಲ್ಲ. ಕೆಲಸದಲ್ಲಿ ಗಿಣಿ ದಿನವೂ, "ಅಕ್ಕ ಹೇಗಿದ್ದಾಳೆ?" ಎಂದು ಕೇಳುವಳು, ನಾನು "ಚೆನ್ನಾಗಿದ್ದಾಳೆ" ಎನ್ನುವೆ. ಒಂದು ದಿನ ಅವಳೇ ದನಿ ತಗ್ಗಿಸಿ, "ನಂಗೆ ಮೊದಲೇ ಗೊತ್ತಿತ್ತು ಕಣೇ. ಅವಳು ಉಂಡೆ ತಪ್ಪಿ ಎತ್ಕೊಂಡಾಗ ಎಷ್ಟು ಸಲ ನಾನೇ ಬದಲಾಯಿಸಿ ಇಟ್ಟಿಲ್ಲ! ಒಂದು ನರಪಿಳ್ಳೆಗೂ ಹೇಳಿರ್ಲಿಲ್ಲ. ನನ್ನ ಬಾಯೀಲಿ ನಿಂತದ್ದು ಅದೊಂದೇ ಮಾತು," ಎಂದಳು. ಆ ದಿನ ನಾನು ಹೆಣೆದ ಸಾಲುಗಳೆಲ್ಲ ಬಿಗಿಯಾಗಿ ಸುಕ್ಕುಗಟ್ಟಿದವು. ಎಲ್ಲವನ್ನೂ ಬಿಚ್ಚಿದೆ.

ಮನೆಯಲ್ಲಿ ಅಕ್ಕ ಉಣ್ಣೆ ಮುಟ್ಟುವುದನ್ನು ಬಿಟ್ಟಳು. ನಮ್ಮ ನಡುವೆ ಉಪ್ಪು, ನೀರು, ಔಷಧಿಯ ಮಾತು ಮಾತ್ರ ಉಳಿಯಿತು. ಎಷ್ಟೋ ಬಾರಿ ಹೇಳಿಬಿಡಬೇಕೆಂದು ಅವಳ ಮುಂದೆ ಕೂತಿದ್ದೇನೆ. ಅವಳ ಮುಖ ನನ್ನತ್ತ ತಿರುಗಿ, ಕಣ್ಣು ಭುಜದ ಆಚೆಗೆಲ್ಲೋ ನಿಲ್ಲುತ್ತಿತ್ತು. ಇವಳಿಗೆ ಇನ್ನು ಇರುವವಳು ನಾನೊಬ್ಬಳೇ, ಅದನ್ನೂ ಕಿತ್ತುಕೊಳ್ಳಲೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜವಾಗಿ ಹೆದರಿಕೆ, ಬೇರೇನಲ್ಲ.

ಎರಡು ವರ್ಷದ ಮೇಲೆ ಗಿಣಿ ಕೆಲಸ ಬಿಟ್ಟು ದೂರದಲ್ಲಿದ್ದ ಮಗಳ ಮನೆಗೆ ಹೊರಟಳು. ಹೋಗುವ ಮುನ್ನ ಬಂದಳು. ಈ ಸಲ ಬಾಗಿಲು ತೆಗೆದವಳು ನಾನು. ಅಕ್ಕ ಕುರ್ಚಿಯಿಂದ ಏಳಲಿಲ್ಲ.

"ನಾನೇನು ತಪ್ಪು ಮಾಡಿದೆ ಅಂತಾದ್ರೂ ಹೇಳೇ," ಎಂದಳು ಗಿಣಿ.

"ನಿನ್ನ ನಾಲಿಗೇನೇ ಕೇಳು," ಎಂದಳು ಅಕ್ಕ.

ಗಿಣಿ ನನ್ನ ಮುಖ ನೋಡಿದಳು. ತುಂಬ ಹೊತ್ತು ನೋಡಿದಳು. ಏನೋ ಹೊಳೆದಂತೆ ಅವಳ ತುಟಿ ಅಲುಗಿತು. ನನ್ನ ಹೆಸರು ಹೇಳಿಬಿಡಲಿ ಎಂದು ನಾನು ಕಾದೆ. ಅವಳು ಅಕ್ಕನ ಹತ್ತಿರ ಹೋಗಿ ಅವಳ ಹೊದಿಕೆ ಸರಿಮಾಡಿ, "ನಿನ್ನ ತಂಗಿ ನಿನ್ನನ್ನ ಚೆನ್ನಾಗಿ ನೋಡ್ಕೊಳ್ಳಲಿ," ಎಂದಷ್ಟೇ ಹೇಳಿ ಹೊರಟಳು.

"ಹೋದ್ಲಾ?" ಎಂದಳು ಅಕ್ಕ.

"ಹೋದ್ಲು."

ಕೆಳಗೆ ಬೀದಿಯಲ್ಲಿ ಹೆಜ್ಜೆಯ ಸದ್ದು ಅಡಗುವವರೆಗೂ ಅಕ್ಕ ಕಿವಿಗೊಟ್ಟು ಕೂತಿದ್ದಳು. ಅಡಗಿದ ಮೇಲೂ ಕೂತಿದ್ದಳು.