ಜಾಲರಿ ಗುರುತು

ಕೆಲಸ ಮುಗಿಸಿ ಹೋದ ಗಾರೆಯವನನ್ನು ಎರಡು ತಿಂಗಳಾದ ಮೇಲೆ ಯಾರೂ ಸುಮ್ಮನೆ ಊಟಕ್ಕೆ ಕರೆಯುವುದಿಲ್ಲ. ಎಲ್ಲೋ ಬಿರುಕು ಬಿಟ್ಟಿರಬೇಕು, ಇಲ್ಲವೇ ಏನೋ ಸೋರುತ್ತಿರಬೇಕು. ಹಾಗಾಗಿ, ಪಕ್ಕದ ಬೀದಿಯ ಇಟಾಲಿಯನ್ ಹೋಟೆಲಿನ ಯಜಮಾನ ಭಾನುವಾರ ಮಧ್ಯಾಹ್ನ ನಮ್ಮಿಬ್ಬರನ್ನೂ ಊಟಕ್ಕೆ ಕರೆದಿದ್ದಾನೆಂದು ಮಾವ ಹೇಳಿದಾಗ, ಒಲೆ ಒಡೆದಿದೆಯಾ ಎಂದು ಕೇಳಿದೆ.

‘ಊಟಕ್ಕೆ ಕರೆದ್ರೆ ಊಟ ಮಾಡ್ಬೇಕು ಕಣೋ. ತನಿಖೆ ಮಾಡಬಾರದು’ ಎಂದ ಮಾವ, ನನ್ನ ಮುಖ ನೋಡದೆ.

ಮಾವ ನನ್ನ ಅಮ್ಮನ ತಮ್ಮ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಬಂದ ನನಗೆ ಕರಣೆ ಹಿಡಿಯಲು ಕಲಿಸಿದವನು. ಹನ್ನೊಂದು ವರ್ಷ ಅವನು ಕಟ್ಟಿದ ಒಲೆಗಳಿಗೆಲ್ಲ ನಾನು ಮಣ್ಣು ಕಲಸಿದೆ. ಈ ಹೋಟೆಲಿನ ಪಿಜ್ಜಾ ಒಲೆ ಮಾತ್ರ ನನ್ನದು. ಅಷ್ಟರಲ್ಲಿ ಅವನ ಮಂಡಿ ಕೈಕೊಟ್ಟಿತ್ತು. ಸ್ಟೂಲಿನ ಮೇಲೆ ಕೂತು ಇಟ್ಟಿಗೆ ಎತ್ತಿಕೊಟ್ಟ, ಅಷ್ಟೆ. ಬುಡದಿಂದ ಗುಮ್ಮಟದ ನೆತ್ತಿಯವರೆಗೆ ಎಲ್ಲ ನನ್ನ ಕೈ. ಅದು ಕೆಟ್ಟಿದೆಯೆಂದರೆ ನಾನು ಇನ್ನೂ ಹನ್ನೊಂದು ವರ್ಷ ಮಣ್ಣು ಕಲಸಬೇಕು.

ಹೋಟೆಲಿನಲ್ಲಿ ಇರುವುದು ಏಳೇ ಟೇಬಲ್. ಕೆಂಪು ಬಿಳಿ ಚೌಕಳಿಯ ಬಟ್ಟೆ, ಗೋಡೆಯ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ತಿಂಡಿಗಳ ಪಟ್ಟಿ, ಬೆಣ್ಣೆಯಲ್ಲಿ ಬೆಳ್ಳುಳ್ಳಿ ಬೇಯುವ ವಾಸನೆ. ಒಂದು ಮೂಲೆಯಲ್ಲಿ ಅಪ್ಪನೊಬ್ಬ ಮಗಳ ತಟ್ಟೆಯ ಉದ್ದುದ್ದ ಪಾಸ್ತಾವನ್ನು ಕತ್ತರಿಸಿ ಕೊಡುತ್ತಿದ್ದ. ಯಜಮಾನ ಬಾಗಿಲಿಗೇ ಬಂದು ನನ್ನ ಕೈ ಹಿಡಿದುಕೊಂಡ. ಮೂರು ವಾರ ಅವನ ಕಣ್ಣೆದುರು ಇಟ್ಟಿಗೆ ಹೊತ್ತಾಗ ಒಂದು ಲೋಟ ನೀರಿಗೂ ಎರಡು ಸಲ ಕೇಳಬೇಕಿತ್ತು. ಈಗ ಕೈ ಬಿಡಲೊಲ್ಲ.

ಕಿಟಕಿಯ ಪಕ್ಕದ ಟೇಬಲ್ ತೋರಿಸಿದ. ಒಲೆಯಿಂದ ಅತಿ ದೂರದ್ದು. ನಾನು ಒಲೆಯ ಕಡೆ ಮುಖ ಮಾಡಿ ಕೂರುವಷ್ಟರಲ್ಲಿ ಮಾವ ಆ ಕುರ್ಚಿಗೆ ಕುಂಡಿ ಊರಿಬಿಟ್ಟ. ಕಾಲು ಚಾಚಲು ಅಲ್ಲೇ ಅನುಕೂಲವಂತೆ. ನನ್ನ ಬೆನ್ನು ಒಲೆಗೆ.

ತಿರುಗಿ ನೋಡಿದೆ. ಒಲೆಯ ಬಾಯಲ್ಲಿ ಕಟ್ಟಿಗೆ ಜೋಡಿಸಿತ್ತು, ಹಿಂದೆ ಕೆಂಡದ ಕೆಂಪು. ಬಿರುಕು ಕಾಣಲಿಲ್ಲ. ಆದರೆ ಪಿಜ್ಜಾ ತಳ್ಳುವ ಉದ್ದ ಹಿಡಿಯ ಹಲಗೆ ಗೋಡೆಗೆ ಒರಗಿತ್ತು, ಕೊಂಡ ದಿನ ಇದ್ದಷ್ಟೇ ಬೆಳ್ಳಗೆ. ಹತ್ತಿರ ಯಾರೂ ಇರಲಿಲ್ಲ. ಪಿಜ್ಜಾಗಳು ಹಿಂದಿನ ಅಡುಗೆಮನೆಯ ಬಾಗಿಲಿನಿಂದ ಬರುತ್ತಿದ್ದವು.

ಅದೇಕೆ ಎಂದು ಕೇಳಿದೆ. ಮೇಲೆ ಸೊಪ್ಪು ಉದುರಿಸುವುದು ಒಳಗೇ ಎಂದು, ನಮಗೆ ಪಿಜ್ಜಾ ತಂದಿಟ್ಟ ಯಜಮಾನನ ಹೆಂಡತಿ ಹೇಳಿದಳು. ಹೇಳುವ ಮೊದಲು ಮಾವನ ಕಡೆ ಒಂದು ಸಲ ನೋಡಿದಳು.

ಮಾವ ಮಾತಿನ ಮಲ್ಲನಾಗಿಬಿಟ್ಟಿದ್ದ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು ಎನ್ನುವ ಮನುಷ್ಯ ಚೀಸ್ ಬಗ್ಗೆ, ಟೊಮೆಟೊ ಹುಳಿಯ ಬಗ್ಗೆ, ಎಣ್ಣೆಯ ಬಣ್ಣದ ಬಗ್ಗೆ ಹೊಗಳಿದ್ದೇ ಹೊಗಳಿದ್ದು. ಚಾಕು ಹಿಡಿದು ನನ್ನ ತಟ್ಟೆಯ ಪಿಜ್ಜಾವನ್ನು ತಾನೇ ಕತ್ತರಿಸಿಕೊಟ್ಟ. ನನಗೆ ಐದು ವರ್ಷವಿದ್ದಾಗಲೂ ಅವನು ಹಾಗೆ ಮಾಡಿದ್ದಿಲ್ಲ.

ಒಂದು ತುಂಡು ಎತ್ತಿ ತಳ ನೋಡಿದೆ.

ಇಟ್ಟಿಗೆಯ ಮೇಲೆ ಬೆಂದ ಪಿಜ್ಜಾಕ್ಕೆ ತಳದಲ್ಲಿ ಕಪ್ಪು ಚುಕ್ಕೆಗಳಿರುತ್ತವೆ, ಬೂದಿಯ ಪುಡಿ ಅಂಟಿರುತ್ತದೆ, ಬೆಂಕಿಯ ಕಡೆಯ ಅಂಚು ಸ್ವಲ್ಪ ಸೀದಿರುತ್ತದೆ. ಇದರ ತಳದಲ್ಲಿ ಸಣ್ಣ ಸಣ್ಣ ಚೌಕಗಳು. ಜಾಲರಿ ಗುರುತು. ಕರೆಂಟಿನ ಪೆಟ್ಟಿಗೆಯೊಳಗೆ ತಂತಿ ಜಾಲರಿಯ ಮೇಲೆ ಬೆಂದದ್ದು.

ತುಂಡನ್ನು ತಟ್ಟೆಗೆ ಹಾಕಿ ಎದ್ದೆ. ಮಾವ ನನ್ನ ಅಂಗಿ ಹಿಡಿದ, ಕೊಡವಿಕೊಂಡು ಹೋದೆ. ಗುಮ್ಮಟದ ಮೇಲೆ ಅಂಗೈ ಇಟ್ಟೆ. ದಿನವೂ ಉರಿಯುವ ಒಲೆ ಜ್ವರ ಬಂದವರ ಹಣೆಯ ಹಾಗೆ ಸುಡಬೇಕು. ಇದು ಹೆಣದಂತೆ ತಣ್ಣಗಿತ್ತು. ಬಗ್ಗಿ ನೋಡಿದರೆ ಕಟ್ಟಿಗೆಯ ಹಿಂದೆ ಒಂದು ಕೆಂಪು ಬಲ್ಬು, ಮಿಣಮಿಣ ಎನ್ನುವಂಥದ್ದು. ನನ್ನ ಒಲೆಯನ್ನು ಬೊಂಬೆ ಮಾಡಿ ಕೂರಿಸಿದ್ದರು.

ಪಾಸ್ತಾ ಕತ್ತರಿಸುತ್ತಿದ್ದ ಅಪ್ಪ ಕೈ ನಿಲ್ಲಿಸಿದ. ಒಳಗೆ ಬಂದು ಮಾತಾಡಿ ಎಂದು ಯಜಮಾನ ಮೆಲ್ಲಗೆ ಹೇಳಿದ. ಏನಿದ್ದರೂ ಇಲ್ಲೇ ಹೇಳು, ಎಲ್ಲಿ ಒಡೆದಿದೆ ತೋರಿಸು ಎಂದೆ. ಅವನು ಮಾವನ ಮುಖ ನೋಡಿದ. ಆಗ ನನಗೆ ಗೊತ್ತಾಯಿತು.

‘ನಿಂಗೂ ಗೊತ್ತಿತ್ತಾ?’

‘ಒಲೆಗೆ ಏನೂ ಆಗಿಲ್ಲ. ಕೂತ್ಕೋ’ ಎಂದ ಮಾವ.

ಹೇಳಿದ್ದು ಯಜಮಾನನ ಹೆಂಡತಿ. ಮೇಲಿನ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾಳೆ. ಒಲೆ ಹೊತ್ತಿಸಿದರೆ ಹೊಗೆಯೆಲ್ಲ ನೇರ ಅವಳ ಕಿಟಕಿಗೆ. ಒಲೆ ಒಣಗಿಸಿ ಹೋದ ತಿಂಗಳು ಹೊತ್ತಿಸಿದ ಎರಡನೇ ದಿನವೇ ಉಸಿರು ಕಟ್ಟಿ, ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಬಂದಳು. ಆವತ್ತಿನಿಂದ ಒಲೆ ಹೊತ್ತಿಸಿಲ್ಲ. ಈ ವಾರದೊಳಗೆ ಸರಿಮಾಡದಿದ್ದರೆ ಒಡೆದು ಹಾಕಿ ಎಂದು ಕಟ್ಟಡದವರು ಹೇಳಿದ್ದಾರೆ. ಮಾವ ಮೂರು ಸಲ ಬಂದು ನೋಡಿದ್ದಾನೆ. ತಾನೇ ಏಣಿ ಹತ್ತಲು ಹೋಗಿ ಎರಡನೇ ಮೆಟ್ಟಿಲಿಗೆ ಕೂತುಬಿಟ್ಟನಂತೆ.

‘ಚಿಮಣಿ ಇನ್ನೊಂದು ಆಳೆತ್ತರ ಹೋಗ್ಲಿ ಅಂತ ಆವತ್ತೇ ಬಡ್ಕೊಂಡೆ’ ಎಂದ ಮಾವ. ‘ನನ್ನ ಒಲೆ, ನನ್ನ ಲೆಕ್ಕ ಅಂದೆ ನೀನು.’

ಅಂದಿದ್ದೆ.

‘ತಿಂಗಳಿಂದ ಬಾಯಿ ಬಿಡ್ಲಿಲ್ವಲ್ಲ. ನಾನೇನು ಕಚ್ಚೋ ನಾಯಿನಾ?’

‘ಅಲ್ವಾ?’

ಯಾರೂ ನಗಲಿಲ್ಲ. ಯಜಮಾನ ಮಾತ್ರ ತಲೆ ತಗ್ಗಿಸಿ, ಸಿಹಿ ತಿಂದಾದ ಮೇಲೆ ಹೇಳೋಣ ಅಂತ ಇತ್ತು ಎಂದು ಗೊಣಗಿದ. ಹೋರಿಗೆ ಬೆಲ್ಲ ತಿನ್ನಿಸಿ ಮೂಗುದಾರ ಹಾಕುವವರ ಹಾಗೆ ಮೂವರೂ ಕೂತು ಯೋಚನೆ ಮಾಡಿದ್ದಾರೆ. ಇಂಥವನು ಕೈ ಹಿಡಿಯಬೇಕು, ಇಂಥವನು ಕುರ್ಚಿ ಹಿಡಿಯಬೇಕು, ಇಂಥವಳು ಸುಳ್ಳು ಹೇಳಬೇಕು. ನನಗೆ ಮೈಯೆಲ್ಲ ಉರಿಯಿತು. ಮೇಜಿನ ಮೇಲಿದ್ದುದನ್ನೆಲ್ಲ ಒಂದೇ ಏಟಿಗೆ ಗುಡಿಸಿ ಹಾಕುವಷ್ಟು. ಹಾಗೆ ಮಾಡಿದರೆ ಅವರು ಅಂದುಕೊಂಡದ್ದೇ ನಿಜವಾಗುತ್ತದೆ ಎನ್ನುವುದೊಂದೇ ನನ್ನ ಕೈ ಹಿಡಿದು ನಿಲ್ಲಿಸಿತು.

ಅಡುಗೆಮನೆ ದಾಟಿ ಹಿಂದಿನ ಓಣಿಗೆ ಹೋದೆ. ಇವರ ಮಾತನ್ನು ನಂಬಲು ನನಗೆ ಮನಸ್ಸಿರಲಿಲ್ಲ. ಒಂದು ಸಲ ಕೂಡಿ ಸುಳ್ಳು ಹೇಳಿದವರು ಎರಡನೇ ಸಲವೂ ಹೇಳಬಲ್ಲರು. ಕತ್ತೆತ್ತಿ ನೋಡಿದೆ. ಚಿಮಣಿಯ ಬಾಯಿ ಇದ್ದದ್ದು ಅಜ್ಜಿಯ ಕಿಟಕಿಯ ಹಲಗೆಯಿಂದ ಒಂದು ಗೇಣು ಕೆಳಗೆ. ಕಿಟಕಿ ಮುಚ್ಚಿತ್ತು. ಸಂದಿಯಲ್ಲೆಲ್ಲ ಹಳೆ ಬಟ್ಟೆ ತುರುಕಿತ್ತು, ಬಟ್ಟೆಯ ಅಂಚು ಕಪ್ಪಾಗಿತ್ತು. ಅದನ್ನು ಯಾರೂ ನನಗೋಸ್ಕರ ಮಾಡಿಟ್ಟ ಹಾಗೆ ಕಾಣಲಿಲ್ಲ.

ಕಿಟಕಿಯನ್ನು ನಾನು ಆವತ್ತೂ ನೋಡಿದ್ದೆ. ನೋಡಿಯೇ ಚಿಮಣಿಯ ಕೊಳವೆ ಕೂರಿಸಿದ್ದೆ. ಮಾವನ ಮಾತು ಕೇಳಿದರೆ ಒಲೆ ಅರ್ಧ ಅವನದಾಗುತ್ತದೆ ಎಂದು ಅನ್ನಿಸಿತ್ತು.

ಮಾವ ಕುಂಟುತ್ತಾ ಬಾಗಿಲಿಗೆ ಬಂದ. ಬೈಯುವುದಿದ್ದರೆ ಬೈದು ಮುಗಿಸು, ಊಟ ಆರುತ್ತಿದೆ ಎಂದ. ಏಣಿ ಎಲ್ಲಿದೆ ಎಂದು ಕೇಳಿದೆ. ಇವತ್ತು ಕೊಳವೆಯ ಅಂಗಡಿ ತೆರೆದಿರುವುದಿಲ್ಲ, ನಾಳೆ ಬೆಳಿಗ್ಗೆ ನೋಡೋಣ ಎಂದ. ಹಾಗಾದರೆ ಮೇಲಿನ ಮನೆಗೆ ಮೆಟ್ಟಿಲು ಎಲ್ಲಿ ಎಂದೆ. ಅವನ ಕಣ್ಣಲ್ಲಿ ಅನುಮಾನ ಸುಳಿಯಿತು.

‘ಜಗಳಕ್ಕೆ ಹೋಗ್ತಿದೀಯಾ?’

ಓಣಿಯಲ್ಲಿ ಮುಂದೆ ನಡೆದೆ. ನಂಬದಿದ್ದರೆ ಬಿಡಲಿ.

ಎಡಗಡೆಯ ಕಿರಿದಾದ ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದೆ. ಕೆಳಗೆ ಮಾವ ಕಂಬಿ ಹಿಡಿದು ನಿಂತಿದ್ದ. ಒಳಗೆ ಕೆಮ್ಮು, ಚಪ್ಪಲಿ ಎಳೆಯುವ ಸದ್ದು.

‘ಯಾರದು?’

‘ಒಲೆ ಕಟ್ಟಿದವನು ಅಜ್ಜಿ.’

ಸದ್ದು ನಿಂತಿತು. ಬಾಗಿಲಿನ ಆಚೆ ಅವಳು ಉಸಿರೆಳೆಯುವುದು ಕೇಳಿಸುತ್ತಿತ್ತು.

‘ಹೊಗೆ ಬಿಟ್ಟವನಾ?’

‘ಹೌದು’ ಎಂದೆ. ಚಿಲಕ ತೆಗೆಯುವುದು ಅವಳಿಗೆ ಬಿಟ್ಟದ್ದು.